ಕುಶಲ ಕೈಗಳಿಗೆ ನಿಜವಾಗಿಯೂ ಬರಗಾಲವೇ?

ಮುಂಬಯಿಯಿಂದ ಉತ್ತರಾಭಿಮುಖವಾಗಿ ಹೊರಟ ರೈಲುಗಾಡಿಯು ವಲಸಾಡ, ನವಸಾರಿಗಳನ್ನು ಹಿಂದಕ್ಕೆ ಬಿಟ್ಟು ಉಧನಾ ನಿಲ್ದಾಣವನ್ನು ಸಮೀಪಿಸುವಷ್ಟರಲ್ಲಿ, ಕಿಟಕಿಯ ಹೊರಗೆ ತಗಡಿನ ಮಾಡಿನ ಕಾರಖಾನೆಗಳು ಸಾಲುಗಟ್ಟಿ ಕಾಣಿಸಿಕೊಳ್ಳುತ್ತವೆ. ಗಾಡಿಯ ಸದ್ದು ಅಡಗಿದರೂ ಇನ್ನೊಂದು ಸದ್ದು ಅಡಗುವುದಿಲ್ಲ. ಅದು ವಿದ್ಯುನ್ಮಗ್ಗಗಳ ಸದ್ದು. ಸೂರತ್ತಿನ ಪಾಂಡೇಸರಾ, ಸಚಿನ್ ಮೊದಲಾದ ಕಡೆಗಳಲ್ಲಿ ಹಗಲಿರುಳೆನ್ನದೆ ಕೇಳಿಬರುವ ಈ ಸದ್ದಿನ ನಡುವೆ ನಡೆದುಹೋಗುವ ಯಾರಿಗಾದರೂ ಕಾರಖಾನೆಗಳ ಬಾಗಿಲಿಗೆ ತೂಗಹಾಕಿದ ಹಲಗೆಗಳು ಕಣ್ಣಿಗೆ ಬೀಳದಿರವು. ‘ಕಾರೀಗರ ಜೋಈಏ ಛೆ’ ಎಂದು ಗುಜರಾತಿಯಲ್ಲಿ ಬರೆದಿರುತ್ತದೆ; ಅದರ ಕೆಳಗೆ ಹಿಂದಿಯಲ್ಲಿಯೂ ಅದೇ ಮಾತು. ಕಸಬು ಬಲ್ಲವರು ಬೇಕಾಗಿದ್ದಾರೆ ಎಂದರ್ಥ.

ಅದೇ ನಗರದ ಇನ್ನೊಂದು ಮಗ್ಗುಲಿಗೆ, ವರಾಛಾ ರಸ್ತೆಯ ಕಡೆಗೆ ಹೋದರೆ, ಅಲ್ಲಿಯ ಕಥೆಯೇ ಬೇರೆ. ಜಗತ್ತಿನ ವಜ್ರಗಳಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಕಲ್ಲುಗಳು ಉಜ್ಜಿ ಹೊಳಪು ಪಡೆಯುವುದು ಇದೇ ಸೂರತ್ತಿನಲ್ಲಿ ಎಂದು ವ್ಯಾಪಾರಿಗಳು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಆ ಕೆಲಸವನ್ನು ಮಾಡುವ ಕಸಬುಗಾರನನ್ನು ಅವರು ‘ರತ್ನಕಲಾಕಾರ’ನೆಂದು ಗೌರವಿಸಿ ಕರೆಯುತ್ತಾರೆ. ಆದರೆ 2022ರಲ್ಲಿ ರಷ್ಯಾ-ಉಕ್ರೇನ್ ಯುದ್ಧ ಆರಂಭವಾದ ಮೇಲೆ ಕಚ್ಚಾವಜ್ರದ ಒದಗಿಕೆಗೆ ವಿಘ್ನ ಬಂತು. 2024ರ ಜನವರಿಯಿಂದ ಶ್ರೀಮಂತ ಏಳು ರಾಷ್ಟ್ರಗಳ ಕೂಟವು ರಷ್ಯಾದ ವಜ್ರಕ್ಕೆ ಬಾಗಿಲು ಹಾಕಿತು. ಪ್ರಯೋಗಶಾಲೆಯಲ್ಲಿ ಬೆಳೆಸಿದ ವಜ್ರವು ಬೆಲೆಯನ್ನು ಕೆಳಗೆಳೆಯಿತು. 2025ರ ಆಗಸ್ಟಿನಲ್ಲಿ ಅಮೇರಿಕೆಯು ಭಾರತದ ಸರಕುಗಳ ಮೇಲೆ ಶೇಕಡಾ 50ರ ಸುಂಕವನ್ನು ಹೇರಿತು. ಈ ವರ್ಷಗಳಲ್ಲಿ ಸಾವಿರಾರು ರತ್ನಕಲಾಕಾರರು ಕೈ ಕಟ್ಟಿ ಕೂತರು. ಕೆಲವರು ಪ್ರಾಣವನ್ನೇ ಕಳೆದುಕೊಂಡರು. ಹೀಗೆ ಒಂದೇ ಊರಿನ ಒಂದು ಬೀದಿಯಲ್ಲಿ ಕಸಬುಗಾರರಿಲ್ಲವೆಂಬ ಕೂಗು, ಇನ್ನೊಂದು ಬೀದಿಯಲ್ಲಿ ಕಸಬಿಗೆ ಕೆಲಸವಿಲ್ಲವೆಂಬ ನಿಟ್ಟುಸಿರು.

ಕುಶಲ ಕೆಲಸಗಾರರ ಅಭಾವ ಎಂಬ ಮಾತನ್ನು ನಾವು ಇತ್ತೀಚೆಗೆ ಸಭೆಗಳಲ್ಲಿಯೂ ಸರಕಾರಿ ವರದಿಗಳಲ್ಲಿಯೂ ಎಡೆಬಿಡದೆ ಕೇಳುತ್ತಿದ್ದೇವೆ. ಗುಜರಾತದಲ್ಲಿ ನೆಲೆಸಿದ ನಮ್ಮ ಕನ್ನಡಿಗರಲ್ಲಿಯೂ ಈ ಮಾತು ಬಳಕೆಗೆ ಬಂದಿದೆ. ‘ಹುಡುಗರೇ ಸಿಗುವುದಿಲ್ಲ ಸ್ವಾಮೀ’ ಎಂದು ಗಲ್ಲೆಯ ಮೇಲೆ ಕೂತ ಹೋಟೆಲು ಯಜಮಾನರು ಹೇಳದ ದಿನವಿಲ್ಲ. ಆದುದರಿಂದ ಈ ಅಭಾವವೆಂಬುದು ಎಲ್ಲಿಂದ ಬಂತು, ಎಷ್ಟು ಹಳೆಯದು, ಯಾರು ಅದನ್ನು ಅಭಾವವೆಂದು ಕರೆಯುತ್ತಾರೆ ಎಂಬುದನ್ನು ಸ್ವಲ್ಪ ಹಿಂದಕ್ಕೆ ಹೋಗಿ ನೋಡುವುದು ಅಪ್ರಯೋಜಕವಾಗಲಾರದು. ಅದಕ್ಕೆ ಸೂರತ್, ಬಡೋದೆ, ಅಹಮದಾಬಾದುಗಳಷ್ಟು ಅನುಕೂಲವಾದ ಊರುಗಳು ಬೇರೆ ದೊರೆಯವು. (ಬಡೋದೆ ಇಂದು ವಡೋದರಾ ಆಗಿದೆ, ಹಳಬರ ಬಾಯಿಗೆ ಬಂದ ಹೆಸರನ್ನೇ ಇಲ್ಲಿ ಬಳಸಿದರೆ ವಾಚಕರು ಕ್ಷಮಿಸಬೇಕು.)

ಪ್ಲೇಗಿನ ಬೋನಸ್ಸು

ಅಹಮದಾಬಾದಿನ ಮೊದಲನೆಯ ಹತ್ತಿಗಿರಣಿಯು 1861ರ ಮೇ ತಿಂಗಳಲ್ಲಿ ನೂಲಲು ಆರಂಭಿಸಿತು. ಅದನ್ನು ಕಟ್ಟಿದವರು ರಣಛೋಡಲಾಲ ಛೋಟಾಲಾಲರು. ಸರಕಾರಿ ನೌಕರಿಯಲ್ಲಿದ್ದ ನಾಗರ ಬ್ರಾಹ್ಮಣರೊಬ್ಬರು ಗಿರಣಿ ಕಟ್ಟುತ್ತಾರೆಂದರೆ ಆ ಕಾಲದ ಶೇಠರಿಗೆ ನಗೆ ಬಂದಿತ್ತು. ಇಂಗ್ಲೆಂಡಿನಿಂದ ತರಿಸಿದ ಮೊದಲ ಯಂತ್ರಗಳು ಸಮುದ್ರದಲ್ಲಿಯೇ ನಷ್ಟವಾದವು. ಎರಡನೆಯ ಸಲ ತರಿಸಬೇಕಾಯಿತು. ಆಗ ಅಹಮದಾಬಾದಿಗೆ ರೈಲು ಬಂದಿರಲಿಲ್ಲ. ಯಂತ್ರದ ಭಾಗಗಳನ್ನು ಖಂಬಾಯತ್ ಬಂದರಿನಿಂದ ಎತ್ತಿನ ಗಾಡಿಗಳಲ್ಲಿ ಎಳೆದು ತಂದರು. ಯಂತ್ರ ಬಂದರೂ ಅದನ್ನು ನಡೆಸಬಲ್ಲವರು ಊರಿನಲ್ಲಿರಲಿಲ್ಲ. ಪರದೇಶದ ಇಂಜಿನಿಯರುಗಳನ್ನು ಹೆಚ್ಚಿನ ಸಂಬಳ ಕೊಟ್ಟು ಕರೆಸಿಕೊಳ್ಳಬೇಕಾಯಿತು. 2500 ಕದಿರುಗಳ ಆ ಸಣ್ಣ ಗಿರಣಿಯ ಮೊದಲ ದಿನದಿಂದಲೇ ಕುಶಲ ಕೆಲಸಗಾರರ ಅಭಾವವು ಅಹಮದಾಬಾದಿನಲ್ಲಿ ಹುಟ್ಟಿತೆನ್ನಬೇಕು. ಊರಿನ ಕೈಮಗ್ಗದ ನೇಕಾರರಲ್ಲಿ ಕುಶಲತೆಗೆ ಕೊರತೆಯಿರಲಿಲ್ಲ. ಆದರೆ ಅವರ ಕುಶಲತೆಗೆ ಯಂತ್ರದ ಮುಂದೆ ಬೆಲೆಯಿರಲಿಲ್ಲ. ಮುಂದಿನ ಐವತ್ತು ವರ್ಷಗಳಲ್ಲಿ ಅವರ ಮಕ್ಕಳೇ ಗಿರಣಿಯ ಕಸಬನ್ನು ಕಲಿತರು. ಯಾವ ಶಾಲೆಯೂ ಕಲಿಸಿದ್ದಲ್ಲ. ಅಣ್ಣನ ಪಕ್ಕದಲ್ಲಿ ತಮ್ಮ, ಮಾವನ ಪಕ್ಕದಲ್ಲಿ ಅಳಿಯ ನಿಂತು ನೋಡಿ ಕಲಿತದ್ದು.

1917ರಲ್ಲಿ ಊರಿಗೆ ಪ್ಲೇಗು ಬಂತು. ಜನರು ಮನೆಗಳಿಗೆ ಬೀಗ ಹಾಕಿ ಹಳ್ಳಿಗಳ ಕಡೆಗೆ ಹೊರಟರು. ಯುದ್ಧದ ಕಾಲವಾದ್ದರಿಂದ ಬಟ್ಟೆಗೆ ಬೇಡಿಕೆ ಹೆಚ್ಚಿತ್ತು. ಮಗ್ಗಗಳು ನಿಂತರೆ ಮಾಲಿಕರಿಗೆ ನಷ್ಟ. ಆಗ ಗಿರಣಿಯವರಿಗೆ ನೇಕಾರನ ಬೆಲೆ ಗೊತ್ತಾಯಿತು. ಊರು ಬಿಡದೆ ಕೆಲಸಕ್ಕೆ ಬಂದವರಿಗೆ ‘ಪ್ಲೇಗ್ ಬೋನಸ್’ ಎಂಬ ಹೆಸರಿನಲ್ಲಿ, ಕೆಲವೆಡೆ ಸಂಬಳದ ಮುಕ್ಕಾಲು ಪಾಲಿನಷ್ಟನ್ನು ಹೆಚ್ಚಾಗಿ ಕೊಟ್ಟರು. ಪ್ರಾಣಭಯವನ್ನು ಕೊಂಡುಕೊಳ್ಳುವ ಬೆಲೆಯೆಂದರೆ ಅದೇ. ಪ್ಲೇಗು ತಗ್ಗಿತು, ಹೋದವರು ಹಿಂದಿರುಗಿದರು, 1918ರ ಜನವರಿಯಲ್ಲಿ ಬೋನಸ್ಸೂ ನಿಂತಿತು. ಆದರೆ ಯುದ್ಧದಿಂದ ಏರಿದ ಧಾನ್ಯದ ಧಾರಣೆ ಮಾತ್ರ ಇಳಿಯಲಿಲ್ಲ.

ಮುಂದಿನ ಕಥೆಯು ನಮ್ಮ ವಾಚಕರಲ್ಲಿ ಅನೇಕರಿಗೆ ತಿಳಿದದ್ದೇ. ನೇಕಾರರು ಸಂಬಳದಲ್ಲಿ ಏರಿಕೆ ಬೇಡಿದರು. ಗಾಂಧೀಜಿಯವರು ಲೆಕ್ಕಪತ್ರಗಳನ್ನು ನೋಡಿ ಶೇಕಡಾ 35 ಎಂಬುದು ನ್ಯಾಯವೆಂದರು. ಮಾಲಿಕರು ಶೇಕಡಾ 20ಕ್ಕಿಂತ ಮೇಲೆ ಹೋಗಲೊಲ್ಲೆವೆಂದು ಫೆಬ್ರುವರಿ 22ರಂದು ಗಿರಣಿಗಳಿಗೆ ಬೀಗ ಹಾಕಿದರು. ಮಾಲಿಕರ ಪಕ್ಷದಲ್ಲಿ ಮುಂದಾಳು ಅಂಬಾಲಾಲ ಸಾರಾಭಾಯಿಯವರು. ಕೆಲಸಗಾರರ ಪಕ್ಷದಲ್ಲಿ ಅವರ ಒಡಹುಟ್ಟಿದ ಅಕ್ಕ ಅನಸೂಯಾಬೆನ್. ಸಾಬರಮತಿಯ ದಂಡೆಯ ಜಾಲಿಮರದ ಕೆಳಗೆ ದಿನವೂ ಸಭೆ ಸೇರುತ್ತಿತ್ತು. ದಿನಗಳು ಕಳೆದಂತೆ ಹಸಿವೆ ಹೆಚ್ಚಿತು, ಮಾರ್ಚ್ 15ರಂದು ಗಾಂಧೀಜಿ ಉಪವಾಸ ಹಿಡಿದರು, 18ರಂದು ರಾಜಿಯಾಯಿತು. ರಾಜಿಯ ಲೆಕ್ಕವೂ ಸ್ವಾರಸ್ಯವಾದದ್ದು. ಮೊದಲನೆಯ ದಿನ ಶೇಕಡಾ 35, ಕೆಲಸಗಾರರ ಪ್ರತಿಜ್ಞೆ ಉಳಿಯಲೆಂದು. ಎರಡನೆಯ ದಿನ 20, ಮಾಲಿಕರ ಪ್ರತಿಜ್ಞೆ ಉಳಿಯಲೆಂದು. ಮೂರನೆಯ ದಿನದಿಂದ ಪಂಚರ ತೀರ್ಪು ಬರುವವರೆಗೆ ಎರಡರ ನಡುವಣ ಇಪ್ಪತ್ತೇಳೂವರೆ. ಪಂಚರಾಗಿದ್ದ ಪ್ರೊಫೆಸರ್ ಆನಂದಶಂಕರ ಧ್ರುವರು ಕೊನೆಗೆ 35ನ್ನೇ ಕೊಡಿಸಿದರು.

ಈ ಕಥೆಯನ್ನು ಹೇಳುವವರು ಉಪವಾಸದ ಮಾತನ್ನು ಹೇಳಿ ನಿಲ್ಲಿಸುವುದುಂಟು. ನಮಗೆ ಅದರಲ್ಲಿ ಒಂದು ಸಣ್ಣ ಸಂಗತಿ ಹೆಚ್ಚು ಮನಸ್ಸಿಗೆ ನಾಟಿದೆ. ಬೀಗ ಬಿದ್ದ ಗಿರಣಿಯ ನೇಕಾರರಿಗೆ ಹೊಟ್ಟೆಪಾಡಿಗೆ ಏನಾದರೂ ಕೆಲಸ ಬೇಕಲ್ಲ! ಆಶ್ರಮದಲ್ಲಿ ಆಗ ನೇಯ್ಗೆಶಾಲೆಯನ್ನು ಕಟ್ಟುತ್ತಿದ್ದರು. ತಳಪಾಯಕ್ಕೆ ಮರಳು ತುಂಬಬೇಕಾಗಿತ್ತು. ಮಗನಲಾಲ ಗಾಂಧಿಯವರ ಸೂಚನೆಯಂತೆ ಆ ಕೆಲಸವನ್ನು ಇವರಿಗೆ ಕೊಟ್ಟರು. ಅನಸೂಯಾಬೆನ್ ತಾವೂ ಬುಟ್ಟಿ ಹೊತ್ತು ಮುಂದೆ ನಡೆದರು. ನಗರದ ಅತ್ಯುತ್ತಮ ನೇಕಾರರು ತಲೆಯ ಮೇಲೆ ಮರಳು ಹೊತ್ತು ನೇಯ್ಗೆ ಕಲಿಸುವ ಶಾಲೆಗೆ ತಳಪಾಯ ತುಂಬಿದರು!

ಈ ಹೋರಾಟದ ಬೆನ್ನಿಗೇ 1920ರಲ್ಲಿ ಮಜೂರ ಮಹಾಜನ ಸಂಘ ಸ್ಥಾಪನೆಯಾಯಿತು. 1956ರವರೆಗೆ ನಮ್ಮ ಧಾರವಾಡ, ಬೆಳಗಾಂವಿ, ವಿಜಾಪುರ, ಕಾರವಾರ ಜಿಲ್ಲೆಗಳೂ ಅಹಮದಾಬಾದು-ಸೂರತ್ತುಗಳೂ ಒಂದೇ ಮುಂಬಯಿ ರಾಜ್ಯದಲ್ಲಿದ್ದುದರಿಂದ, 1946ರ ಮುಂಬಯಿ ಕೈಗಾರಿಕಾ ಸಂಬಂಧಗಳ ಕಾಯಿದೆಯು ಗೋಕಾಕದ ನೂಲುಗಾರನಿಗೂ ಅಹಮದಾಬಾದಿನ ನೇಕಾರನಿಗೂ ಸಮಾನವಾಗಿತ್ತು.

ಆದರೆ ಅಭಾವವೆಂಬುದರಲ್ಲಿ ಮನುಷ್ಯನ ಕೈಯಿಂದಲೇ ಆದ ಭಾಗವೂ ಇತ್ತೆಂಬುದನ್ನು ಮರೆಮಾಚಬಾರದು. ಅಹಮದಾಬಾದಿನ ಗಿರಣಿಗಳಲ್ಲಿ ನೇಯ್ಗೆಯ ಖಾತೆಯು ಮುಸಲ್ಮಾನರದೂ ಪಾಟೀದಾರರದೂ ಆಗಿತ್ತು. ದಲಿತರು ನೂಲುವ ಖಾತೆಯಲ್ಲಿಯೇ ಉಳಿಯಬೇಕಾಗಿತ್ತು. ನೇಯ್ಗೆಯಲ್ಲಿ ಸಂಬಳ ಹೆಚ್ಚು. ಅಲ್ಲಿಗೆ ಅವರನ್ನು ಬಿಡದಿರಲು ಹೇಳುತ್ತಿದ್ದ ಕಾರಣವೇನೆಂದರೆ, ಲಾಳಿಗೆ ಹೊಸ ಕಂಡಿಕೆಯನ್ನು ಹಾಕುವಾಗ ನೂಲಿನ ತುದಿಯನ್ನು ಬಾಯಿಂದ ಹೀರಿ ಎಳೆಯಬೇಕು. ಒಬ್ಬನು ಬಾಯಿಟ್ಟ ಲಾಳಿಗೆ ಇನ್ನೊಬ್ಬನು ಬಾಯಿಡುವುದು ಹೇಗೆ ಎಂಬುದು! ಮುಂಬಯಿಯ ಗಿರಣಿಗಳಲ್ಲಿಯೂ ಇದೇ ನಡೆಯುತ್ತಿತ್ತು. 1928ರ ಮಹಾಮುಷ್ಕರದ ಕಾಲದಲ್ಲಿ ಡಾ. ಅಂಬೇಡ್ಕರರು ನೇಯ್ಗೆಯ ಖಾತೆಯ ಬಾಗಿಲನ್ನು ದಲಿತರಿಗೂ ತೆರೆಯಬೇಕೆಂದು ಒತ್ತಾಯಿಸಿದ್ದು ಇದಕ್ಕಾಗಿಯೇ. ತಲೆಮಾರುಗಳಿಂದ ನೇಯ್ಗೆಯನ್ನೇ ಕುಲಕಸಬಾಗಿ ಮಾಡಿಕೊಂಡು ಬಂದ ವಣಕರರನ್ನು ಹೊರಗಿಟ್ಟು, ನೇಕಾರರು ಸಾಲದೆಂದು ಗೋಳಾಡುವುದು ವಿಚಿತ್ರವಲ್ಲವೇ? ಹೀಗೆ ಬಾಯಿಂದ ಹೀರುವುದು ಹತ್ತಿಯ ಧೂಳನ್ನೂ ರೋಗವನ್ನೂ ಒಳಗೆ ಸೇರಿಸುತ್ತದೆಂದು ವೈದ್ಯರು ಹೇಳಿದ್ದು ಬೇರೆ ಮಾತು.

ಸ್ತ್ರೀಯರ ವಿಷಯದಲ್ಲಿ ನಡೆದದ್ದು ಇನ್ನಷ್ಟು ನಿಶ್ಶಬ್ದವಾಗಿ. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ನೂಲು ಸುತ್ತುವ ಖಾತೆಗಳಲ್ಲಿ ಹೆಣ್ಣುಮಕ್ಕಳು ಗಣನೀಯ ಸಂಖ್ಯೆಯಲ್ಲಿದ್ದರು. ಸ್ತ್ರೀಯರು ರಾತ್ರಿಪಾಳಿಯಲ್ಲಿ ದುಡಿಯಕೂಡದೆಂಬ ಕಾನೂನು, 1929ರ ಮುಂಬಯಿ ಹೆರಿಗೆಭತ್ಯದ ಕಾಯಿದೆ, ಇವೆರಡೂ ಅವರ ಹಿತಕ್ಕಾಗಿಯೇ ಆದವು. ಆದರೆ ಮಾಲಿಕರು ಇವರನ್ನು ಇಟ್ಟುಕೊಳ್ಳುವುದು ದುಬಾರಿಯೆಂದು ಎಣಿಸಿದರು. ಹೊಸ ಯಂತ್ರಗಳು ಬಂದಾಗ ಮೊದಲು ಮನೆಗೆ ಹೋದವರು ಇವರೇ. ಗಂಡಸಿನ ಸಂಬಳದಲ್ಲಿಯೇ ಸಂಸಾರ ನಡೆಯಬೇಕೆಂಬ ಆದರ್ಶವನ್ನು ಸಂಘದವರೂ ಒಪ್ಪಿಕೊಂಡಿದ್ದರಿಂದ ಯಾರೂ ಗಟ್ಟಿಯಾಗಿ ಪ್ರತಿಭಟಿಸಲಿಲ್ಲ. ಸ್ವಾತಂತ್ರ್ಯ ಬಂದ ಕೆಲವು ದಶಕಗಳಲ್ಲಿಯೇ ಗಿರಣಿಗಳಲ್ಲಿ ಸ್ತ್ರೀಯರು ಬೆರಳೆಣಿಕೆಗೆ ಇಳಿದಿದ್ದರು.

ಗಿರಣಿಗಳು ಹೋದ ಮೇಲೆ

1980ರ ದಶಕದಲ್ಲಿ ಅಹಮದಾಬಾದಿನ ಚಿಮಣಿಗಳು ಒಂದೊಂದಾಗಿ ಹೊಗೆ ನಿಲ್ಲಿಸಿದವು. 1990ರ ದಶಕವು ಮುಗಿಯುವುದರೊಳಗೆ ಐವತ್ತಕ್ಕೂ ಹೆಚ್ಚು ಗಿರಣಿಗಳು ಮುಚ್ಚಿ, ಒಂದು ಲಕ್ಷಕ್ಕೂ ಮಿಕ್ಕಿದ ಕೆಲಸಗಾರರು ಬೀದಿಗೆ ಬಂದರು. ಗುಜರಾತದ ದುಡಿಮೆಗಾರರ ಬಾಳನ್ನು 1960ರ ದಶಕದಿಂದ ಅಭ್ಯಾಸ ಮಾಡುತ್ತ ಬಂದ ಡಚ್ ಸಮಾಜಶಾಸ್ತ್ರಜ್ಞ ಯಾನ್ ಬ್ರೆಮನ್ನರು ಈ ಕಥೆಯನ್ನು ವಿವರವಾಗಿ ಬರೆದಿದ್ದಾರೆ. ಮೂವತ್ತು ವರ್ಷ ಮಗ್ಗ ನಡೆಸಿದವನು ರಿಕ್ಷಾ ಹೊಡೆದ, ತರಕಾರಿ ಮಾರಿದ, ಕಾವಲುಗಾರನಾದ. ನಾವು ಗೋಮತೀಪುರದ ಚಾಳುಗಳಲ್ಲಿ ನಡೆದಾಗ ಹೊಗೆಯಿಲ್ಲದ ಒಂದು ಚಿಮಣಿಯ ನೆರಳು ಬೀದಿಯ ಮೇಲೆ ಗಡಿಯಾರದ ಮುಳ್ಳಿನಂತೆ ಬಿದ್ದಿತ್ತು. ಹಿಂದೆ ಅದೇ ಬೀದಿಯಲ್ಲಿ ಪಾಳಿ ಬದಲಾಗುವ ಹೊತ್ತಿಗೆ ನಡೆಯಲು ಜಾಗವಿರುತ್ತಿರಲಿಲ್ಲವಂತೆ.

ಬಟ್ಟೆಯ ಉದ್ಯಮವೇನೂ ಸಾಯಲಿಲ್ಲ. ಅದು ಗಿರಣಿಯನ್ನು ಬಿಟ್ಟು ಶೆಡ್ಡುಗಳಿಗೆ ಹೋಯಿತು. ಸೂರತ್ತಿನ ವಿದ್ಯುನ್ಮಗ್ಗಗಳ ಮುಂದೆ ನಿಂತವರಲ್ಲಿ ಬಹುಮಂದಿ ಒರಿಸ್ಸಾದ, ಅಂದರೆ ಇಂದಿನ ಒಡಿಶಾದ, ಗಂಜಾಂ ಜಿಲ್ಲೆಯವರು. ಹನ್ನೆರಡು ತಾಸಿನ ಪಾಳಿ. ಮೀಟರಿನ ಲೆಕ್ಕದಲ್ಲಿ ಕೂಲಿ. ಹಗಲುಪಾಳಿಯವನು ಎದ್ದ ಹಾಸಿಗೆಯಲ್ಲಿ ರಾತ್ರಿಪಾಳಿಯವನು ಮಲಗುವ ಮೆಸ್ಸು. ಈ ಮೆಸ್ಸುಗಳ ಹಾಸಿಗೆ ಎಂದೂ ತಣ್ಣಗಾಗುವುದಿಲ್ಲ. ಗಿರಣಿಯಲ್ಲಿದ್ದ ಸಂಘ, ಪ್ರಾವಿಡೆಂಟ್ ಫಂಡು, ರಜೆ ಇವು ಯಾವುವೂ ಬಹುಪಾಲು ಶೆಡ್ಡುಗಳಿಗೆ ಹಿಂಬಾಲಿಸಿ ಬರಲಿಲ್ಲ.

1994ರ ಸೆಪ್ಟೆಂಬರಿನಲ್ಲಿ ನೆರೆ ಇಳಿದ ಮೇಲೆ ಸೂರತ್ತಿಗೆ ಪ್ಲೇಗು ಬಂತು. ಕೆಲವೇ ದಿನಗಳಲ್ಲಿ ಲಕ್ಷಾಂತರ ಜನರು ಸಿಕ್ಕ ರೈಲು ಹತ್ತಿದರು. ಮಗ್ಗಗಳೂ ವಜ್ರದ ಘಂಟಿಗಳೂ ನಿಂತವು. ಆಗ ಪ್ಲೇಗ್ ಬೋನಸ್ಸಿನ ಮಾತನ್ನೆತ್ತಬಲ್ಲ ಸಂಘವೊಂದು ಸೂರತ್ತಿನಲ್ಲಿರಲಿಲ್ಲ. ಮರುವರ್ಷ ಕಮಿಷನರಾಗಿ ಬಂದ ಎಸ್. ಆರ್. ರಾಯರು ನಗರವನ್ನು ಗುಡಿಸಿ ತೊಳೆದು ದೇಶಕ್ಕೇ ಮಾದರಿ ಮಾಡಿದರೆಂಬ ಕೀರ್ತಿ ಅವರಿಗೆ ಸಲ್ಲತಕ್ಕದ್ದೇ. ಆದರೆ ರಸ್ತೆಗಳು ಶುದ್ಧವಾದ ಹಾಗೆ ಮೆಸ್ಸುಗಳ ಹಾಸಿಗೆಯ ಲೆಕ್ಕವೇನೂ ಬದಲಾಗಲಿಲ್ಲ.

ಮೂರನೆಯ ಸಲ ಬಂದದ್ದು ಕೊರೋನಾ. 2020ರ ಮಾರ್ಚಿನಲ್ಲಿ ದೇಶಕ್ಕೆ ದೇಶವೇ ಬಾಗಿಲು ಹಾಕಿಕೊಂಡಾಗ ಸೂರತ್ತಿನ ಮಗ್ಗದವರು ಕೂಲಿಯಿಲ್ಲದೆ ಕೋಣೆಗಳಲ್ಲಿ ಉಳಿದರು. ಏಪ್ರಿಲ್ 10ರ ರಾತ್ರಿ ಅವರು ಬೀದಿಗಿಳಿದು, ಕೊಡಬೇಕಾದ ಸಂಬಳ ಕೊಡಿ, ಇಲ್ಲವೇ ಊರಿಗೆ ಕಳಿಸಿ ಎಂದು ಕೂಗಿದರು, ಗಲಭೆಯಾಯಿತು. ಮೇ 1ರಿಂದ ಶ್ರಮಿಕ ರೈಲುಗಳು ಹೊರಟವು; ದೇಶದಲ್ಲೆಲ್ಲ ಅತ್ಯಂತ ಹೆಚ್ಚು ಹೊರಟದ್ದು ಗುಜರಾತದಿಂದಲೇ. ಮಳೆಗಾಲದಲ್ಲಿ ಕಾರಖಾನೆಗಳ ಬಾಗಿಲು ಮತ್ತೆ ತೆರೆದಾಗ ಒಳಗೆ ಮಗ್ಗವಿತ್ತು, ನೂಲಿತ್ತು, ಬೇಡಿಕೆಯೂ ಮೆಲ್ಲಗೆ ಮರಳುತ್ತಿತ್ತು; ಮಗ್ಗ ನಡೆಸುವವನಿರಲಿಲ್ಲ. ಮುಂಗಡ ಹಣ ಕಳಿಸಿ, ಬಸ್ಸು ಕಳಿಸಿ, ಟಿಕೆಟು ತೆಗೆಸಿಕೊಟ್ಟು ಮಾಲಿಕರು ಕರೆಸಿಕೊಂಡರು. ಒಂದು ಶತಮಾನದ ಹಿಂದಿನ ಪ್ಲೇಗ್ ಬೋನಸ್ಸೇ ಬೇರೆ ವೇಷದಲ್ಲಿ ಬಂದಂತಾಯಿತು. ಬೇಡದ ಕಾಲದಲ್ಲಿ ಕೂಲಿಯೆಂದು ಕರೆಸಿಕೊಂಡವನು ಬೇಕಾದ ಕಾಲದಲ್ಲಿ ಕುಶಲನಾಗುತ್ತಾನೆ. ಈ ಹೆಸರು ಬದಲಾಗುವುದಕ್ಕೆ ಒಂದು ಮಹಾಮಾರಿಯೇ ಬೇಕಾಗುತ್ತದೆಂದರೆ ನಮ್ಮ ಲೆಕ್ಕದಲ್ಲಿ ಏನೋ ತಪ್ಪಿರಬೇಕು.

ಆ ಕಾಲದ ಇನ್ನೊಂದು ಸಂಗತಿ. 2020ರ ಏಪ್ರಿಲ್ 17ರಂದು ಗುಜರಾತ ಸರಕಾರವು ಒಂದು ಪ್ರಕಟಣೆ ಹೊರಡಿಸಿ, ಕಾರಖಾನೆಗಳಲ್ಲಿ ದಿನಕ್ಕೆ ಹನ್ನೆರಡು ತಾಸು ದುಡಿಸಿಕೊಳ್ಳಬಹುದೆಂದೂ, ಹೆಚ್ಚಿನ ತಾಸುಗಳಿಗೆ ಇಮ್ಮಡಿ ದರ ಕೊಡಬೇಕಾಗಿಲ್ಲವೆಂದೂ ಸಾರಿತು. ಮಹಾಮಾರಿಯನ್ನು ‘ಸಾರ್ವಜನಿಕ ತುರ್ತುಪರಿಸ್ಥಿತಿ’ಯೆಂದು ಕರೆದು ಕಾರಖಾನೆ ಕಾಯಿದೆಯಿಂದ ವಿನಾಯಿತಿ ಕೊಟ್ಟದ್ದು ಅದರ ಆಧಾರ. ಗುಜರಾತ ಮಜದೂರ ಸಭೆಯವರು ಸರ್ವೋಚ್ಚ ನ್ಯಾಯಾಲಯಕ್ಕೆ ಹೋದರು. ಅಕ್ಟೋಬರ್ 1ರಂದು ನ್ಯಾಯಾಲಯವು ಆ ಪ್ರಕಟಣೆಯನ್ನು ರದ್ದುಗೊಳಿಸಿ, ಹೆಚ್ಚು ದುಡಿದವರಿಗೆ ಹೆಚ್ಚಿನ ದರವನ್ನು ಕೊಡತಕ್ಕದ್ದೆಂದು ತೀರ್ಪಿತ್ತಿತು. ಕೈಗಳು ಕಡಿಮೆಯಾದಾಗ ಇದ್ದ ಕೈಗಳನ್ನೇ ಇಮ್ಮಡಿ ದುಡಿಸುವುದು ಎಲ್ಲ ಕಾಲದ ಸುಲಭೋಪಾಯ; ಅದರಿಂದ ಹೊಸ ಕುಶಲನೊಬ್ಬನೂ ಹುಟ್ಟುವುದಿಲ್ಲ.

ಬಡೋದೆಯ ಕಲಾಭವನ

ಹಾಗಾದರೆ ಕುಶಲರು ಹುಟ್ಟುವುದೆಲ್ಲಿ? ಈ ಪ್ರಶ್ನೆಗೆ ಬಡೋದೆಯು 1890ರಲ್ಲಿಯೇ ಒಂದು ಉತ್ತರ ಕೊಟ್ಟಿತ್ತು. ಮಹಾರಾಜ ಮೂರನೆಯ ಸಯಾಜಿರಾವ್ ಗಾಯಕವಾಡರು ಆ ವರ್ಷ ‘ಕಲಾಭವನ’ವೆಂಬ ಕಸಬಿನ ಶಾಲೆಯನ್ನು ತೆರೆದರು. ಅದರ ಸೂತ್ರಧಾರರು ಸೂರತ್ತಿನ ತ್ರಿಭುವನದಾಸ ಕಲ್ಯಾಣದಾಸ ಗಜ್ಜರರು. ಬಣ್ಣಗಾರಿಕೆ, ಯಂತ್ರವಿದ್ಯೆ, ಮರಗೆಲಸ, ಚಿತ್ರಕಲೆ ಮುಂತಾದವನ್ನು ಅಲ್ಲಿ ಕಲಿಸುತ್ತಿದ್ದರು. ಕಲಿಸುವ ಭಾಷೆ ಗುಜರಾತಿ! ರಸಾಯನಶಾಸ್ತ್ರವನ್ನು ದೇಶಭಾಷೆಯಲ್ಲಿ ಹೇಳುವುದಕ್ಕೆ ಬೇಕಾದ ಶಬ್ದಗಳನ್ನೂ ಪಾಠಪುಸ್ತಕಗಳನ್ನೂ ಸಿದ್ಧಪಡಿಸುವ ಕಷ್ಟವನ್ನು ಗಜ್ಜರರು ಮೈಮೇಲೆ ಹಾಕಿಕೊಂಡರು. ಬಣ್ಣಗಾರನ ಮಗನು ಇಂಗ್ಲಿಷ್ ಬಾರದೆಂಬ ಕಾರಣಕ್ಕೆ ಬಣ್ಣದ ಗುಟ್ಟಿನಿಂದ ವಂಚಿತನಾಗಬಾರದೆಂಬುದು ಅವರ ಹಟ.

ಗಜ್ಜರರ ಕೈಗುಣಕ್ಕೆ ಒಂದು ನಿದರ್ಶನವನ್ನು ಹಳಬರು ಹೇಳುತ್ತಾರೆ. ಮುಂಬಯಿಯಲ್ಲಿದ್ದ ವಿಕ್ಟೋರಿಯಾ ರಾಣಿಯ ಅಮೃತಶಿಲೆಯ ಪ್ರತಿಮೆಗೆ ಯಾರೋ ಕಪ್ಪು ಬಳಿದರು. ಏನು ಮಾಡಿದರೂ ಕಲೆ ಹೋಗಲಿಲ್ಲ. ಕೊನೆಗೆ ಶಿಲೆಗೆ ಕುಂದು ಬಾರದಂತೆ ಅದನ್ನು ತೆಗೆದವರು ಈ ಗಜ್ಜರರೇ. ಕಪ್ಪು ಬಳಿದವರು ಮುಂದೆ ಪುಣೆಯಲ್ಲಿ ಹೆಸರಾದ ಚಾಫೇಕರ ಸಹೋದರರು. ದೇಶಾಭಿಮಾನದ ದೃಷ್ಟಿಯಿಂದ ಯಾರ ಕಡೆ ನಿಲ್ಲಬೇಕೆಂದು ವಾಚಕರೇ ತೀರ್ಮಾನಿಸಲಿ.

ಕಲಾಭವನದಲ್ಲಿ ಕಲಿತವರಲ್ಲಿ ಭಾರತೀಯ ಚಲಚ್ಚಿತ್ರದ ಪಿತಾಮಹ ದಾದಾಸಾಹೇಬ ಫಾಳಕೆಯವರೂ ಒಬ್ಬರು. ಛಾಯಾಚಿತ್ರ, ಅಚ್ಚು ಮುಂತಾದ ಕೈಕಸಬುಗಳ ರುಚಿ ಅವರಿಗೆ ಹತ್ತಿದ್ದು ಅಲ್ಲಿಯೇ. 1907ರಲ್ಲಿ ಆರಂಭವಾದ ಅಲೆಂಬಿಕ್ ರಸಾಯನ ಕಾರಖಾನೆಯ ಮೂಲದಲ್ಲಿಯೂ ಗಜ್ಜರರೂ ಅವರ ಶಿಷ್ಯರೂ ಇದ್ದರು. ಅಂದರೆ ಬಡೋದೆಯಲ್ಲಿ ಮೊದಲು ಶಾಲೆ ಬಂತು, ಆಮೇಲೆ ಕಾರಖಾನೆ ಬಂತು. ಅಹಮದಾಬಾದಿನಲ್ಲಿ ನಡೆದದ್ದಕ್ಕೆ ಇದು ತಿರುವುಮುರುವು. ಸಯಾಜಿರಾಯರು 1893ರಲ್ಲಿ ಅಮರೇಲಿಯಲ್ಲಿಯೂ 1906ರಲ್ಲಿ ಸಂಸ್ಥಾನದಲ್ಲೆಲ್ಲ ಪ್ರಾಥಮಿಕ ವಿದ್ಯೆಯನ್ನು ಕಡ್ಡಾಯ ಮಾಡಿದ್ದನ್ನೂ ಇದರೊಂದಿಗೆ ಸೇರಿಸಿ ನೋಡಬೇಕು. ಅಕ್ಷರ ಬಲ್ಲ ಹುಡುಗನೇ ನಕ್ಷೆಯನ್ನು ಓದಬಲ್ಲನು.

ನಮ್ಮವರಾದ ವಿಶ್ವೇಶ್ವರಯ್ಯನವರು ದಿವಾನರಾಗುವುದಕ್ಕೆ ಬಹಳ ಮುಂಚೆ, 1890ರ ದಶಕದಲ್ಲಿ, ಮುಂಬಯಿ ಸರಕಾರದ ಇಂಜಿನಿಯರಾಗಿ ಸೂರತ್ತಿನಲ್ಲಿ ಸೇವೆ ಸಲ್ಲಿಸಿದ್ದರು. ಮುಂದೆ ಅವರು ಮೈಸೂರು ಸೀಮೆಯಲ್ಲಿ ಕಸಬಿನ ವಿದ್ಯೆಗಾಗಿ ಮುಪ್ಪಿನವರೆಗೂ ಪಟ್ಟು ಹಿಡಿದರು. ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಔದ್ಯೋಗಿಕ ಶಾಲೆಯ ಹಿಂದೆ ಇದ್ದ ಶಕ್ತಿ ಅವರದೇ. ಎಂಜಿನಿಯರಿಗಿಂತ ಮೊದಲು ಒಳ್ಳೆಯ ಫಿಟ್ಟರನು ಬೇಕೆಂಬುದನ್ನು ಎಂಜಿನಿಯರರೇ ಹೇಳಿದರೆ ಜನ ಕೇಳುತ್ತಾರೆ.

ಕಲಾಭವನವು 1949ರಲ್ಲಿ ಸ್ಥಾಪನೆಯಾದ ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾಲಯದಲ್ಲಿ ಸೇರಿ ತಂತ್ರವಿದ್ಯಾ ವಿಭಾಗವಾಯಿತು. ಕೊಯಲಿಯ ತೈಲಶುದ್ಧೀಕರಣ ಕೇಂದ್ರ, ರಸಗೊಬ್ಬರದ ಕಾರಖಾನೆ, ಪೆಟ್ರೋಕೆಮಿಕಲ್ ಕಾರಖಾನೆಗಳು 1960ರ ದಶಕದಿಂದ ಬಡೋದೆಯ ಸುತ್ತ ಬೆಳೆದದ್ದಕ್ಕೆ ಈ ಹಿನ್ನೆಲೆಯೂ ಒಂದು ಕಾರಣ. 2024ರ ಅಕ್ಟೋಬರಿನಲ್ಲಿ ಅಲ್ಲಿ ಸೈನ್ಯದ ಸಾಗಣೆ ವಿಮಾನಗಳ ಕಾರಖಾನೆ ಉದ್ಘಾಟನೆಯಾಯಿತು. ಒಪ್ಪಂದದ 56 ವಿಮಾನಗಳಲ್ಲಿ 40 ಅಲ್ಲಿ ತಯಾರಾಗಬೇಕು. ಒಂದು ರಿವೆಟ್ಟು ತಪ್ಪಿದರೆ ಸಹಿಸದ ಕೆಲಸವದು. ಅಂಥ ಕೈಗಳು ಹಲಗೆ ತೂಗಹಾಕಿದ ಮರುದಿನ ಬಾಗಿಲಿಗೆ ಬಂದು ನಿಲ್ಲುವವಲ್ಲ.

ಇನ್ನು, ದುಡಿಮೆಯಲ್ಲಿ ಭಾಗವಹಿಸುವವರೆಷ್ಟು ಎಂಬ ಲೆಕ್ಕ. ಹದಿನೈದು ವರ್ಷ ದಾಟಿದವರಲ್ಲಿ ಕೆಲಸ ಮಾಡುತ್ತಿರುವವರನ್ನೂ ಕೆಲಸ ಹುಡುಕುತ್ತಿರುವವರನ್ನೂ ಕೂಡಿಸಿದರೆ ಬರುವ ಪ್ರಮಾಣವಿದು. ಕೇಂದ್ರ ಸರಕಾರದ ಸಮೀಕ್ಷೆಯ ಪ್ರಕಾರ ದೇಶದ ಸ್ತ್ರೀಯರಲ್ಲಿ ಈ ಪ್ರಮಾಣವು 2017-18ರಲ್ಲಿ ಶೇಕಡಾ 23.3 ಇದ್ದದ್ದು 2023-24ಕ್ಕೆ 41.7ಕ್ಕೆ ಏರಿತು. ಇದು ಸಂತೋಷದ ಏರಿಕೆಯೇ. ಆದರೆ ಅದರಲ್ಲಿ ಹೆಚ್ಚಿನ ಪಾಲು ಹಳ್ಳಿಗಳದು, ಅದೂ ಸ್ವಂತ ದುಡಿಮೆಯದು ಮತ್ತು ಮನೆಯ ಉದ್ಯೋಗಕ್ಕೆ ಸಂಬಳವಿಲ್ಲದೆ ಕೈಗೂಡಿಸುವುದರದು. ನಗರದ ಸ್ತ್ರೀಯರಲ್ಲಿ 2023-24ರಲ್ಲಿಯೂ ಅದು ಶೇಕಡಾ 28ರಷ್ಟೇ. ಅಂದರೆ ನಗರದಲ್ಲಿ ನಾಲ್ವರು ಸ್ತ್ರೀಯರಲ್ಲಿ ಮೂವರ ಸಮೀಪ ಲೆಕ್ಕದಿಂದ ಹೊರಗೆ. ಇವರೆಲ್ಲ ಸುಮ್ಮನೆ ಕೂತವರೆಂದು ಯಾರೂ ಭ್ರಮಿಸಬಾರದು. ಸೂರತ್ತಿನ ಓಣಿಗಳಲ್ಲಿ ಹೊಸ್ತಿಲ ಮೇಲೆ ಕೂತು ಸೀರೆಗೆ ಟಿಕ್ಕಿ ಅಂಟಿಸುವ, ಲೇಸು ಹೊಲಿಯುವ ಹೆಂಗಸರನ್ನು ಕಣ್ಣಿದ್ದವರು ಕಾಣಬಲ್ಲರು. ಒಂದು ಸೀರೆಗೆ ಇಷ್ಟೆಂದು ಪುಡಿಗಾಸು. ‘ಏನು ಕೆಲಸ ಮಾಡುತ್ತೀರಿ, ಬೆನ್?’ ಎಂದು ಕೇಳಿದರೆ, ‘ಏನೂ ಇಲ್ಲ, ಮನೆಯಲ್ಲಿದ್ದೇನೆ’ ಎಂದು ಸೂಜಿಯಿಂದ ಕಣ್ಣೆತ್ತದೆ ಉತ್ತರ ಬರುತ್ತದೆ.

ಈ ‘ಏನೂ ಇಲ್ಲ’ ಎಂಬ ಉತ್ತರವನ್ನು ಒಪ್ಪಲೊಲ್ಲದೆ ಹೊರಟವರು ಇಳಾ ಭಟ್ಟರು. ಬಾಲ್ಯವನ್ನು ಸೂರತ್ತಿನಲ್ಲಿ ಕಳೆದ ಅವರು ಅಹಮದಾಬಾದಿನ ಮಜೂರ ಮಹಾಜನದಲ್ಲಿ ವಕೀಲರಾಗಿ ಸೇರಿ, 1972ರಲ್ಲಿ ‘ಸೇವಾ’ ಎಂಬ ಸ್ತ್ರೀಯರ ಸಂಘವನ್ನು ಕಟ್ಟಿದರು. ತಲೆಹೊರೆಯವರು, ಚಿಂದಿ ಆಯುವವರು, ಬೀಡಿ ಕಟ್ಟುವವರು, ತರಕಾರಿ ಮಾರುವವರು ಅದರ ಸದಸ್ಯರು. ಮಾಲಿಕನಿಲ್ಲದವರಿಗೆ ಕಾರ್ಮಿಕ ಸಂಘವೆಂತು ಎಂದು ರಿಜಿಸ್ಟ್ರಾರರು ಮೊದಲು ನೋಂದಣಿಗೆ ಒಪ್ಪಲಿಲ್ಲ. 1974ರಲ್ಲಿ ನಾಲ್ಕು ಸಾವಿರ ಸ್ತ್ರೀಯರು ತಲಾ ಹತ್ತು ರೂಪಾಯಿ ಹಾಕಿ ತಮ್ಮದೇ ಬ್ಯಾಂಕನ್ನು ತೆರೆದರು. ಗಿರಣಿಗಳು ಮುಚ್ಚಿದಾಗ ಅನೇಕ ಮನೆಗಳಲ್ಲಿ ಒಲೆ ಉರಿದದ್ದು ಇಂಥ ಹೆಂಗಸರ ಗಳಿಕೆಯಿಂದ. ಕಟ್ಟಡದ ಕೆಲಸದಲ್ಲಿ ಇಟ್ಟಿಗೆ ಹೊರುವುದಷ್ಟೇ ಹೆಂಗಸಿನ ಪಾಲೆಂಬ ಮಾತನ್ನು ಸುಳ್ಳು ಮಾಡಲು ಅವರು ‘ಕಾರ್ಮಿಕಾ’ ಎಂಬ ಶಾಲೆಯನ್ನೂ ನಡೆಸಿ ಗಾರೆಕೆಲಸ ಮೊದಲಾದುವನ್ನು ಕಲಿಸಿದರು. ಇಳಾಬೆನ್ 2022ರ ನವೆಂಬರಿನಲ್ಲಿ ತೀರಿಕೊಂಡರು.

ಕೊನೆಗೆ ನಮ್ಮ ಮನೆಯ ಮಾತು. ಗುಜರಾತದ ಊರುಗಳಲ್ಲಿ ಇಡ್ಲಿ ದೋಸೆಗಳ ರುಚಿ ಹತ್ತಿಸಿದವರಲ್ಲಿ ನಮ್ಮ ಕರಾವಳಿಯವರು ಮುಂದಿನ ಸಾಲಿನವರು. ಅವರಲ್ಲಿ ಹಿರಿಯರನೇಕರು ಹನ್ನೆರಡು ಹದಿಮೂರರ ವಯಸ್ಸಿನಲ್ಲಿ ಲೋಟ ತೊಳೆಯಲು ಬಂದವರು. ಮುಂಬಯಿಯಲ್ಲಾದರೆ ಅಂಥ ಹುಡುಗರಿಗೆ ಕನ್ನಡ ರಾತ್ರಿಶಾಲೆಗಳಿದ್ದವು. ಹಗಲು ಮೇಜು ಒರೆಸಿ ರಾತ್ರಿ ಪಾಠ ಓದಿ ಮೆಟ್ರಿಕ್ ಮುಗಿಸಿದವರ ಸಂಖ್ಯೆ ಅಲ್ಪವಲ್ಲ. ಇಂದು ಊರಿನಿಂದ ಹುಡುಗರು ಬರುವುದು ನಿಂತಿದೆ. ಅದು ಒಳ್ಳೆಯದೇ, ಅವರು ಶಾಲೆಗೆ ಹೋಗುತ್ತಿದ್ದಾರೆ. ಅಡಿಗೆಮನೆಯಲ್ಲೀಗ ಒಡಿಶಾದವರು, ಉತ್ತರ ಪ್ರದೇಶದವರು, ನೇಪಾಳದವರು.

ಬಡೋದೆಯಲ್ಲಿ ಅಂಥ ಹಿರಿಯ ಯಜಮಾನರೊಬ್ಬರ ಹೋಟೆಲಿನಲ್ಲಿ ನಾವು ಮೊನ್ನೆ ಕೂತಿದ್ದೆವು. ದೋಸೆ ಚೆನ್ನಾಗಿತ್ತು, ಅಂಚು ಗರಿಗರಿ, ನಡುವೆ ಮೆತ್ತಗೆ, ಊರಿನ ಹದ. ‘ನಿಮ್ಮ ಭಟ್ಟರು ಕುಂದಾಪುರದವರೇ?’ ಎಂದು ಕೇಳಿದೆವು. ಯಜಮಾನರು ನಕ್ಕು ಒಳಗಿನಿಂದ ಒಬ್ಬನನ್ನು ಕರೆದರು. ಇಪ್ಪತ್ತೈದರ ಹರೆಯದ ಯುವಕ; ಗಂಜಾಂ ಜಿಲ್ಲೆಯವನು. ಸೂರತ್ತಿನಲ್ಲಿ ಮಗ್ಗದ ಮುಂದೆ ನಿಂತಿದ್ದನಂತೆ. 2020ರಲ್ಲಿ ಊರಿಗೆ ಹೋದವನು ಮಗ್ಗಕ್ಕೆ ಮರಳಲಿಲ್ಲ. ಇಲ್ಲಿಗೆ ಬಂದು ಮೊದಲು ಪಾತ್ರೆ ತೊಳೆದ, ಆಮೇಲೆ ಹಿಟ್ಟು ರುಬ್ಬಿದ, ಆರು ತಿಂಗಳಲ್ಲಿ ಕಾವಲಿ ಹಿಡಿದ. ಕಾವಲಿಯ ಬಿಸಿಯನ್ನು ನೀರು ಚಿಮುಕಿಸಿ ಸದ್ದಿನಿಂದಲೇ ತಿಳಿಯುತ್ತಾನೆಂದು ಯಜಮಾನರು ಹೊಗಳಿದರು. ಮಗ್ಗದ ಸದ್ದಿನಲ್ಲಿ ಬೆಳೆದ ಕಿವಿಯಲ್ಲವೇ ಎಂದು ನಾವು ತಮಾಷೆ ಮಾಡಿದೆವು.

ಅವನು ಒಳಗೆ ಹೋದ ಮೇಲೆ, ‘ಇಂಥವನಿಗೆ ಭಟ್ಟರ ಸಂಬಳವೇ ಆಯಿತಲ್ಲ, ಧಣಿಗಳೇ?’ ಎಂದು ಕೇಳಿದೆವು. ಯಜಮಾನರು ಒಂದು ಕ್ಷಣ ಸುಮ್ಮನಾದರು. ‘ಪುಸ್ತಕದಲ್ಲಿ ಹೆಲ್ಪರ್ ಅಂತ ಇದೆ, ಮಾರಾಯ್ರೇ. ಬಂದಾಗ ಬರೆದದ್ದು’ ಎಂದರು. ಆಮೇಲೆ ಗಲ್ಲೆಯ ಕೆಳಗಿನ ಖಾನೆಯಿಂದ ಉದ್ದನೆಯ ಲೆಕ್ಕದ ಪುಸ್ತಕವನ್ನು ತೆಗೆದು, ಕನ್ನಡಕವನ್ನು ಹುಡುಕತೊಡಗಿದರು.